ಮೀರಾಬಿ ಹೊಲಕ್ಕೆ ಹೋಗದ ದಿನಗಳು

ಮೂರು ವರ್ಷ ಮೀರಾಬಿಯ ಮೈಯಿಂದ ಗೋಮೂತ್ರದ ವಾಸನೆ ಹೋಗಿರಲಿಲ್ಲ. ಸೆಗಣಿ, ಗೋಮೂತ್ರ, ಬೆಲ್ಲ ಕಲಸಿ ಕೊಳೆಹಾಕಿ, ಅದನ್ನು ಕೊಡದಲ್ಲಿ ಹೊತ್ತು ತನ್ನ ಎರಡು ಎಕರೆಯ ಮೆಣಸಿನ ಗಿಡಗಳ ಬುಡಕ್ಕೆ ಹಾಕುತ್ತಿದ್ದಳು.

"ದೂರ ಕುಂದರು ಬೇ. ನಿನ್ನ ಬಾಜೂಕ ಕುಂತ್ರ ದನದ ಕೊಟ್ಟಿಗ್ಯಾಗ ಕುಂತಂಗ ಅಕ್ಕೈತಿ" ಎಂದು ಗಂಡ ಅಲ್ಲಾಭಕ್ಷ ನಗುತ್ತಿದ್ದ.

ಕುಂದಗೋಳ ತಾಲೂಕಿನ ಆ ಊರಿನ ಹೆಂಗಸರನ್ನು ಸಾವಯವ ಗುಂಪಿಗೆ ಸೇರಿಸಿದವಳು ಮಹಾನಂದಾ. ಸರ್ಕಾರದ ಯೋಜನೆಯ ನೆರವು ಮೂರು ವರ್ಷ ಮಾತ್ರ. ಅದೂ ಒಂದು ಮಸಾಲೆ ಕಂಪನಿಯ ಮೂಲಕ ಬರುತ್ತಿತ್ತು. ಮೂರನೇ ವರ್ಷ ಸರ್ಟಿಫಿಕೇಟು ಸಿಗುತ್ತದೆ, ಕಂಪನಿ ಒಳ್ಳೆಯ ದರ ಕೊಡುತ್ತದೆ ಎಂಬುದು ಮಾತು. ಹೊಲಕ್ಕೆ ಎಣ್ಣಿ, ಅಂದರೆ ಕೀಟನಾಶಕ, ಸೋಕಬಾರದು ಎಂಬುದು ಷರತ್ತು.

ಆ ಮೂರನೇ ವರ್ಷದ ಶ್ರಾವಣದಲ್ಲೇ ಅಲ್ಲಾಭಕ್ಷ ಎದೆನೋವಿನಿಂದ ತೀರಿಕೊಂಡ. ಮೀರಾಬಿ ಇದ್ದತ್‌ಗೆ ಕುಳಿತಳು. ಗಂಡ ಸತ್ತವಳು ನಾಲ್ಕು ತಿಂಗಳು ಹತ್ತು ದಿನ ಹೊಸ್ತಿಲು ದಾಟದೆ ಶೋಕ ಆಚರಿಸಬೇಕು. ಅತ್ತೆ ದಿನವೂ ಅವಳ ತಲೆ ಬಾಚಿದಳು, ಅವಳಿಗೆ ತುತ್ತು ಉಣಿಸಿದಳು.

ಬಾಜೂ ಹೊಲದ ಮಡಿವಾಳೆಪ್ಪ ಬಾಗಿಲ ಹೊರಗೇ ನಿಂತು ಅತ್ತೆಗೆ ಹೇಳಿದ: "ತಂಗೆವ್ವಗ ಹೇಳ್ರಿ, ಹೊಲದ ಕಾಳಜಿ ಬ್ಯಾಡ. ನಾ ಅದೀನಿ."

ಮಡಿವಾಳೆಪ್ಪ ಮಹಾನಂದಾಳ ಮಾವ. ಅವನು ಮೀರಾಬಿಯ ಹೊಲದ ಕಳೆ ತೆಗೆಸಿದ, ಸಾಲುಗಳ ನಡುವೆ ಎಡೆ ಹೊಡೆದ. ಮಹಾನವಮಿ ಮುಗಿಯುತ್ತಲೇ ಗಿಡಗಳಿಗೆ ಮುಟುರು ರೋಗ ಬಂದು ಎಲೆಗಳು ಮುದುಡಿದವು. ಗಂಡನನ್ನು ಕಳೆದುಕೊಂಡವಳಿಗೆ ಬೆಳೆಯೂ ಹೋಯಿತೆಂದು ಯಾವ ಬಾಯಿಂದ ಹೇಳುವುದು? ಒಂದು ಸಂಜೆ ತನ್ನ ಪಂಪು ಬೆನ್ನಿಗೇರಿಸಿ ಆ ಎರಡೂ ಎಕರೆಗೆ ಎಣ್ಣಿ ಹೊಡೆದ. ಒಂದೇ ಸಲ, ಹಿಂಗಾರಿ ಮಳೆ ತೊಳೆದುಬಿಡುತ್ತದೆ ಎಂದುಕೊಂಡ. ಸೊಸೆಗೂ ಹೇಳಲಿಲ್ಲ.

ಇದ್ದತ್ ಮುಗಿಸಿ ಹೊಲಕ್ಕೆ ಬಂದ ಮೀರಾಬಿ ಕೆಂಪಗೆ ಜೋತುಬಿದ್ದ ಕಾಯಿ ನೋಡಿ ಬದುವಿನ ಮೇಲೆ ಕುಳಿತು ಅತ್ತಳು.

"ಗಿಡ ಸತ್ತ ಹೋಗಿದ್ವು ತಂಗೆವ್ವಾ. ಒಂದ ಸಲ ಎಣ್ಣಿ ಹೊಡದು ಉಳಿಸೀನಿ" ಎಂದ ಮಡಿವಾಳೆಪ್ಪ. ಅವನ ಮುಖದಲ್ಲಿ ಸಂತೋಷವಿತ್ತು. ಮೀರಾಬಿಯ ಅಳು ನಿಂತುಹೋಯಿತು.

ಅವಳು ಸುಮ್ಮನಿದ್ದುಬಿಡಬಹುದಿತ್ತು. ಆದರೆ ಅವಳ ಕಾಯಿ ಎಲ್ಲರ ರಾಶಿಗೆ ಸೇರುತ್ತಿತ್ತು. ಮರುದಿನ ಗುಂಪಿನ ಸಭೆಗೆ ಕಂಪನಿಯ ಪ್ರತಾಪ ಬಂದಾಗ ಎದ್ದು ನಿಂತಳು.

"ಸರ, ನನ್ನ ಹೊಲಕ್ಕ ಎಣ್ಣಿ ಬಿದ್ದೈತ್ರಿ. ನಂದು ಬ್ಯಾರೆ ಇಡ್ರಿ. ಇವರದು ತಗೊಳ್ರಿ."

ಪ್ರತಾಪ ಹೊರಗೆ ಹೋಗಿ ಮೇಲಿನವರಿಗೆ ಫೋನು ಮಾಡಿ ಬಂದ. "ಯಾರದೂ ತಗೊಳ್ಳಾಕ ಬರೂದಿಲ್ಲಂತ್ರಿ. ಇಡೀ ಗುಂಪೇ ಕ್ಯಾನ್ಸಲ್."

"ಉಳದವರದು ತಪಾಸ ಮಾಡ್ರಿ" ಎಂದಳು ಮಹಾನಂದಾ.

"ಆಗೂದಿಲ್ರಿ. ಅದೂ ಅಲ್ಲದ ಈ ವರ್ಷ ಗೋದಾಮ ತುಂಬೈತ್ರಿ."

"ಹಂಗಾರ ಸರ್ಟಿಫಿಕೇಟ್ ನಮ್ಮ ಕೈಯಾಗ ಕೊಡ್ರಿ. ಬ್ಯಾರೇದವರಿಗೆ ಮಾರ್ಕೋತೀವಿ."

ಪ್ರತಾಪ ತಲೆ ತಗ್ಗಿಸಿದ. "ಅದು ಕಂಪನಿ ಹೆಸರಿನ್ಯಾಗ ಐತ್ರಿ ಅಕ್ಕಾರ. ನೀವು ಹೊಸದಾಗಿ ಮೂರು ವರ್ಷ ಮಾಡಬೇಕು. ಸರ್ಕಾರದ್ದು ಈ ಊರಿಗೆ ಮುಗದೈತಿ."

ಅವನ ಬೈಕು ಹೋದ ಮೇಲೆ ಮಹಾನಂದಾ ಮೀರಾಬಿಯ ಕಡೆ ತಿರುಗಿದಳು. "ಯಾರು ಹೊಡದಾರ?"

ಕಂಪನಿಯ ಮೇಲಿನ ಸಿಟ್ಟೆಲ್ಲ ಈಗ ಒಂದು ಹೆಸರಿಗಾಗಿ ಕಾಯುತ್ತಿತ್ತು. ಆ ಹೆಸರು ಹೇಳಿದರೆ ಮಡಿವಾಳೆಪ್ಪ ಯಾವ ಮುಖದಿಂದ ಮನೆಯಲ್ಲಿ ಸೊಸೆ ಬಡಿಸಿದ್ದನ್ನು ಉಣ್ಣಬೇಕು?

"ನಾನ" ಎಂದಳು ಮೀರಾಬಿ.

"ನೀ ಇದ್ದತ್‌ನ್ಯಾಗ ಇದ್ದೆಲ್ಲ?"

"ಒಂದಿನ ಸಂಜಿಮುಂದ ಅತ್ತಿ ಮನ್ಯಾಗ ಇಲ್ಲದಾಗ ಎದ್ದು ಹೋಗಿದ್ದೆ."

ಹಿಂದೆ ಕುಳಿತಿದ್ದ ದುರ್ಗಾ ಅಂದಳು: "ಗಂಡನ ಗೋರಿ ಮಣ್ಣ ಆರಿದ್ದಿಲ್ಲ. ಮೆಣಸಿನಕಾಯಿ ಹೆಚ್ಚಾದ್ವೇನ ಬೇ ನಿನಗ?"

ಆ ಮಾತು ಮೀರಾಬಿಗಿಂತ ಮೊದಲೇ ಮನೆ ತಲುಪಿತ್ತು. ಅತ್ತೆ ಬೈಯಲಿಲ್ಲ. ಪಡಸಾಲೆಯ ಮೂಲೆಯಲ್ಲಿ ಮೂರು ಕಲ್ಲಿಟ್ಟು ತನಗೆ ಬೇರೆ ಒಲೆ ಹೂಡುತ್ತಿದ್ದಳು.

"ನನ್ನ ಮಗಗ ನಾಕು ತಿಂಗಳಾ ಕೊಡಾಕ ಆಗಲಿಲ್ಲೇನ ನಿನಗ?" ಎಂದಷ್ಟೇ ಕೇಳಿದಳು. ಮೀರಾಬಿ ಬಾಗಿಲಲ್ಲೇ ನಿಂತಿದ್ದಳು.

ಮರುದಿನ ಮಡಿವಾಳೆಪ್ಪ ಹೊಲಕ್ಕೆ ಏದುಸಿರು ಬಿಡುತ್ತ ಬಂದ. "ನಾ ಹೋಗಿ ಖರೇ ಹೇಳ್ತೀನಿ ತಂಗೆವ್ವಾ."

"ಬ್ಯಾಡ್ರಿ ಅಣ್ಣಾರ. ನನ್ನ ಮನಿ ಅಂತೂ ಒಡೀತು. ನಿಮ್ಮದರೆ ಇರಲಿ."

ಅವನು ಮನೆಗೆ ಹೋದ. ಯಾರಿಗೂ ಹೇಳಲಿಲ್ಲ.

ಆ ವರ್ಷ ಎಲ್ಲರ ಕಾಯಿಯೂ ಪೇಟೆಯಲ್ಲಿ ಸಾದಾ ಕಾಯಿಯ ದರಕ್ಕೆ ಹೋಯಿತು. ಮುಂದಿನ ಮಳೆಗಾಲಕ್ಕೆ ಗುಂಪಿನ ಹೊಲಗಳಲ್ಲೆಲ್ಲ ಎಣ್ಣಿಯ ಪಂಪುಗಳು ಸದ್ದು ಮಾಡಿದವು. ಮೀರಾಬಿಯ ಗಿಡಗಳಿಗೆ ಮತ್ತೆ ಮುಟುರು ಬಂತು. ಮಡಿವಾಳೆಪ್ಪ ಪಂಪು ಹೊತ್ತು ಬದುವಿನಲ್ಲಿ ನಿಂತ.

"ಹೊಡೀರಿ" ಎಂದಳು ಅವಳು.

ಎಣ್ಣಿ ಕಲಸಲು ನೀರು ಬೇಕಿತ್ತು. ಮೀರಾಬಿ ಮೂರು ವರ್ಷ ಗೊಬ್ಬರದ ನೀರು ಹೊತ್ತ ಆ ಕೊಡವನ್ನೇ ತಿಕ್ಕಿ ತೊಳೆದು, ಹಳ್ಳದಿಂದ ನೀರು ತುಂಬಿ ತಂದು ಪಂಪಿಗೆ ಸುರಿದಳು.