ಅಮ್ಮಿ ಹತ್ತಿದ ಜಟಕಾ

ನನ್ನ ಅಬ್ಬಾ ಚಳ್ಳಕೆರೆಯಲ್ಲಿ ಜಟಕಾ ಹೊಡೆಯುತ್ತಿದ್ದವರು. ಬಸ್ ಸ್ಟ್ಯಾಂಡಿನಿಂದ ಸಂತೆಗೆ, ಸಂತೆಯಿಂದ ಎಣ್ಣೆ ಮಿಲ್ಲಿಗೆ, ಊರಿನ ಅರ್ಧ ಜನ ಅವರ ಗಾಡಿಯಲ್ಲಿ ಕೂತವರೇ. ಕೂರದೆ ಉಳಿದವಳು ನನ್ನ ತಾಯಿ, ಅಮ್ಮಿ. ಈ ಸಂಗತಿ ನನಗೆ ಗೊತ್ತಾಗಿದ್ದು ಹೋದ ವರ್ಷ, ನನ್ನ ಮಗಳು ತನ್ನ ಅಜ್ಜಿಯನ್ನು "ದಾದಿ, ಜಟಕಾದಲ್ಲಿ ಕೂತರೆ ಹೇಗಿರುತ್ತೆ?" ಎಂದು ಕೇಳಿದಾಗ.

"ಕೂತವರನ್ನ ಕೇಳು," ಎಂದಳು ಅಮ್ಮಿ, ಅಬ್ಬಾನ ಕಡೆ ನೋಡದೆ.

ಅಬ್ಬಾನ ಲೆಕ್ಕ ಸರಳವಾಗಿತ್ತು. ಹಗಲು ಗಾಡಿ ಗಿರಾಕಿಗಳದ್ದು. ಸಂಜೆ ಬಿಚ್ಚಿದ ಮೇಲೆ ದಣಿದ ಕುದುರೆಯನ್ನು ಮತ್ತೆ ಕಟ್ಟುವುದು ಪಾಪ. ಅಮ್ಮಿ ಮೊಳಕಾಲ್ಮೂರಿನ ತವರಿಗೆ ಹೊರಟರೆ ಅವಳ ಗಂಟು ಮಾತ್ರ ಜಟಕಾದಲ್ಲಿ ಹೋಗುತ್ತಿತ್ತಂತೆ, ಅವಳು ನಡೆದು ಬಸ್ ಸ್ಟ್ಯಾಂಡ್ ಸೇರುತ್ತಿದ್ದಳಂತೆ. ಕೇಳಿ ನನಗೆ ಮೈ ಉರಿಯಿತು. ಆದರೆ ಎಂಬತ್ತು ದಾಟಿದ ಅಪ್ಪನ ಹತ್ತಿರ ಏನಂತ ಜಗಳ ಆಡುವುದು?

ನಮ್ಮ ಕಡೆ ಈಗ ಜಟಕಾ ಎಲ್ಲಿದೆ? ಹಳೇ ಕುದುರೆಗಾಡಿಗಳದ್ದೇ ಒಂದು ಮ್ಯೂಸಿಯಂ ಇದೆ, ಅಲ್ಲಿ ಜಟಕಾದಲ್ಲಿ ಕೂರಲು ಬಿಡುತ್ತಾರೆ ಎಂದು ಯಾರೋ ಹೇಳಿದರು. ಅಮ್ಮಿಯನ್ನು ಒಮ್ಮೆಯಾದರೂ ಹತ್ತಿಸಲೇಬೇಕೆಂದು ಒಂದು ದಿನ ನನ್ನ ಗ್ಯಾರೇಜಿಗೆ ಬೀಗ ಹಾಕಿ ಇಬ್ಬರನ್ನೂ ಹೊರಡಿಸಿದೆ. ಕಾರಿನಲ್ಲೂ ಅಬ್ಬಾ ಮುಂದೆ, ಅಮ್ಮಿ ಹಿಂದೆ, ತಿಂಡಿ ಡಬ್ಬಿಗಳ ಜೊತೆ.

ಮ್ಯೂಸಿಯಂ ಒಳಗೆಲ್ಲ ರಾಜರ ಸಾರೋಟುಗಳು. ಮಖಮಲ್ ಸೀಟು, ಬೆಳ್ಳಿಯ ಹಿಡಿಕೆ, ಮುಟ್ಟಬೇಡಿ ಎಂಬ ಬೋರ್ಡು. ಅಬ್ಬಾಗೆ ಒಂದೂ ಹಿಡಿಸಲಿಲ್ಲ.

"ನಾಲ್ಕು ಕುದುರೆ ಕಟ್ಟಿ ಒಬ್ಬನೇ ಕೂರೋದು ಎಂಥ ದೊಡ್ಡಸ್ತಿಕೆ?"

"ಒಬ್ಬನೇ ಅಲ್ಲ," ಎಂದಳು ಅಮ್ಮಿ. "ಹೆಂಡ್ತೀನೂ ಕೂರಿಸ್ಕೊಂಡು ಹೋಗ್ತಿದ್ದ."

ಅಬ್ಬಾ ಹಿಂಬಾಗಿಲ ಕಡೆ ಹೆಜ್ಜೆ ಹಾಕಿದರು.

ಜಟಕಾ ಇದ್ದದ್ದು ಹಿಂದಿನ ಅಂಗಳದಲ್ಲಿ, ಜನ ಕೂತು ಫೋಟೋ ತೆಗೆಸಿಕೊಳ್ಳಲೆಂದು. ಕುದುರೆ ಇಲ್ಲದ್ದರಿಂದ, ಅದನ್ನು ಕಟ್ಟುವ ಎರಡು ಉದ್ದನೆಯ ಮರಗಳನ್ನು ಮುಂದೆ ಒಂದು ಸ್ಟೂಲಿನ ಮೇಲೆ ಇಟ್ಟಿದ್ದರು. ನಾನು ಅಮ್ಮಿಯ ಕೈ ಹಿಡಿದು ಹಿಂದಿನಿಂದ ಹತ್ತಿಸಿದೆ. ಅವಳು ಅಂಚಿನಲ್ಲೇ ಕೂತಳು, ಯಾರಾದರೂ ಇಳಿ ಅಂದಾರು ಎನ್ನುವ ಹಾಗೆ. ಅಷ್ಟಕ್ಕೇ ಗಾಡಿ ಹಿಂದಕ್ಕೆ ವಾಲಿತು. ಮುಂದಿನ ಮರಗಳು ಸ್ಟೂಲ್ ಬಿಟ್ಟು ಮೇಲೆದ್ದವು.

ನಾನು ಬಾಯಿ ತೆರೆಯುವಷ್ಟರಲ್ಲಿ ಅಬ್ಬಾ ಮುಂದೆ ನುಗ್ಗಿ, ಕುದುರೆ ನಿಲ್ಲುವ ಜಾಗದಲ್ಲಿ ನಿಂತು, ಎರಡೂ ಮರಗಳನ್ನು ಕೆಳಕ್ಕೆ ಒತ್ತಿ ಹಿಡಿದಿದ್ದರು.

"ಅಮ್ಮಾ, ಸ್ವಲ್ಪ ಮುಂದಕ್ಕೆ ಸರೀರಿ. ಹಿಂದೆ ಭಾರ ಆಗೈತೆ."

ಮನೆಯಲ್ಲಿ ನಾವು ಆಡುವುದು ಉರ್ದು. ಇದು ಅವರು ಗಿರಾಕಿಗಳ ಹತ್ತಿರ ಆಡುತ್ತಿದ್ದ ಕನ್ನಡ. ಇಷ್ಟು ಮರ್ಯಾದೆಯಿಂದ ಅವರು ಅಮ್ಮಿಯನ್ನು ಮಾತಾಡಿಸಿದ್ದನ್ನು ನಾನು ಕೇಳಿದ್ದೇ ಇಲ್ಲ. ಅಮ್ಮಿ ಮುಂದೆ ಸರಿದಳು. ಗಾಡಿ ಸಮವಾಯಿತು. ಅಬ್ಬಾ ಮಾತ್ರ ಮರ ಬಿಡಲಿಲ್ಲ.

"ಎಲ್ಲಿಗೆ ಹೋಗ್ಬೇಕ್ರಿ?"

ಅಮ್ಮಿ ಸೆರಗು ಸರಿಮಾಡಿಕೊಂಡು, ತಾನೂ ಕನ್ನಡದಲ್ಲೇ, "ಮೊಳಕಾಲ್ಮೂರಿಗೆ. ಬರ್ತೀರಾ?" ಎಂದಳು.

ಬಸ್ಸಿಗೇ ದೂರದ ದಾರಿ ಅದು. ಅಬ್ಬಾನ ಜಟಕಾ ಯಾವತ್ತೂ ಊರು ದಾಟಿ ಅಷ್ಟು ದೂರ ಹೋದದ್ದಲ್ಲ. ಅವರ ಕಣ್ಣು ತುಂಬಿ ಬಂದಿತ್ತು. ನನ್ನದೂ.

"ಕುಂತ್ಕೊಳ್ರಿ ಅಮ್ಮಾ," ಎಂದರು ಅಬ್ಬಾ. "ಇವತ್ತು ಬ್ಯಾರೆ ಗಿರಾಕಿ ಇಲ್ಲ."