ಓರಗಿತ್ತಿಯ ಕೈ ನೋಡಿ ಬರೆದ ಚಿತ್ರ

ನಮ್ಮ ವಿಶ್ವಕೋಶದ ಕಚೇರಿಯಲ್ಲಿ ಚುಕ್ಕಿಯಮ್ಮನವರಿಗೆ ಆ ಹೆಸರು ಬಂದದ್ದು ಅವರ ಕೆಲಸದಿಂದ. ಗೆರೆ ಎಳೆದು ನೆರಳು ತುಂಬುವವರಲ್ಲ ಅವರು. ಸೂಜಿಮೊನೆಯ ನಿಬ್ಬನ್ನು ಕಪ್ಪು ಮಸಿಯಲ್ಲಿ ಅದ್ದಿ ಒಂದೊಂದೇ ಚುಕ್ಕಿ ಇಡುತ್ತಿದ್ದರು. ಒತ್ತಾಗಿಟ್ಟರೆ ನೆರಳು, ವಿರಳವಾಗಿಟ್ಟರೆ ಬೆಳಕು. ಜೀರುಂಡೆಯ ಬೆನ್ನು, ಬಾವಿಯ ರಾಟೆ, ಮನುಷ್ಯನ ಮೊಣಕಾಲಿನ ಕೀಲು, ಏನೇ ಇರಲಿ, ಎಲ್ಲವೂ ಚುಕ್ಕಿಗಳಲ್ಲೇ ಕಾಗದದ ಮೇಲೆ ಇಳಿಯುತ್ತಿತ್ತು. ನಾನು ವಿಜ್ಞಾನ ವಿಭಾಗದಲ್ಲಿ ಸಸ್ಯಗಳ ಹೆಸರು ಸರಿನೋಡುತ್ತಿದ್ದೆ. ನನ್ನ ಮೇಜು ಅವರ ಮೇಜಿಗೆ ಎದುರು. ಒಮ್ಮೆ ಒಂದು ಬೀಜದ ಚಿತ್ರಕ್ಕೆಂದು ಹಳೆಯ ಪುಸ್ತಕವೊಂದನ್ನು ಅವರ ಮುಂದಿಟ್ಟೆ. ಅವರು ಅದನ್ನು ಬೆರಳಿನಿಂದ ನನ್ನ ಕಡೆಗೇ ತಳ್ಳಿದರು.

"ಇದು ಬೇರೆಯವರು ಕಂಡದ್ದು ಕಣಮ್ಮ. ನನಗೆ ಬೀಜ ತಂದುಕೊಡು. ಕಾಣದ್ದಕ್ಕೆ ನಾನು ಚುಕ್ಕಿ ಇಡಲ್ಲ."

ಇದು ಅವರ ನೇಮ. ಅದನ್ನು ಅವರು ಮುರಿದದ್ದು ಒಂದೇ ಸಲ, ಹೊಟ್ಟೆಕಿಚ್ಚಿಗೆ.

ಆ ಕಿಚ್ಚೆಲ್ಲ ಒಬ್ಬಳಿಗೇ ಮೀಸಲು. ಅವಳು ಅವರ ಓರಗಿತ್ತಿ, ಮೈದುನನ ಹೆಂಡತಿ. ನಮ್ಮ ಕಚೇರಿಯಲ್ಲೇ ಲೇಖನ ಬರೆಯುತ್ತಿದ್ದಳು. ಮನೆಯಲ್ಲಿ ಅತ್ತೆ ಇಬ್ಬರು ಸೊಸೆಯರನ್ನೂ ದೊಡ್ಡೋಳು, ಚಿಕ್ಕೋಳು ಎಂದು ಕರೆಯುತ್ತಿದ್ದರು. ನಾನೂ ಇಲ್ಲಿ ಅವಳನ್ನು ಚಿಕ್ಕವಳು ಎನ್ನುತ್ತೇನೆ. ಗಂಡಂದಿರಿಬ್ಬರೂ ಗಡಿಯಾರ ರಿಪೇರಿಯವರು. ಕೆಳಗೆ ಅಂಗಡಿ, ಮೇಲೆ ಮನೆ. ದಿನವಿಡೀ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂರುತ್ತಿದ್ದ ಆ ಅಣ್ಣತಮ್ಮಂದಿರು ಮಾತಾಡುವ ಕೆಲಸವನ್ನು ಪೂರ್ತಿ ಹೆಂಗಸರಿಗೆ ಬಿಟ್ಟುಕೊಟ್ಟಿದ್ದರು. ಕಚೇರಿಗೂ ಮನೆಗೂ ಎರಡೇ ಬೀದಿ ಅಂತರ. ಸಂಜೆ ಚಹಾಕ್ಕೆ ನಾನೂ ಹೋಗುತ್ತಿದ್ದೆ.

ಚಿಕ್ಕವಳಲ್ಲಿ ಹೊಟ್ಟೆಕಿಚ್ಚು ಪಡುವಂಥದ್ದು ಏನಿತ್ತು? ಅವಳು ಊರೂರು ಸುತ್ತುತ್ತಿದ್ದಳು, ಚುಕ್ಕಿಯಮ್ಮ ಕೂತಲ್ಲೇ ಕೂತಿರುತ್ತಿದ್ದರು. ಅವಳ ಲೇಖನದ ಕೆಳಗೆ ಹೆಸರು ಬರುತ್ತಿತ್ತು, ಇವರ ಚಿತ್ರದ ಕೆಳಗೆ ಬರುತ್ತಿರಲಿಲ್ಲ. ಅವಳು ಮಾಡಿದ ಸಾರು ಚೆನ್ನಾಗಿದೆ ಎಂದು ಅತ್ತೆ ಹೇಳಿದ ದಿನ ಚುಕ್ಕಿಯಮ್ಮ ಬರಿಯ ಅನ್ನ ಉಂಡು ಎದ್ದಿದ್ದರಂತೆ. "ಹೌದಮ್ಮ, ನನಗೆ ಹೊಟ್ಟೆ ಉರಿಯುತ್ತೆ. ಉರಿಯೋದಕ್ಕೇ ಅಲ್ವಾ ಹೊಟ್ಟೆ ಇರೋದು?" ಎಂದು ಅವರೇ ನಗುತ್ತಿದ್ದರು. ನಗುವಾಗಲೂ ಕಣ್ಣು ಮಾತ್ರ ಚಿಕ್ಕವಳ ಮೇಲಿರುತ್ತಿತ್ತು.

ಆ ವರ್ಷ ಹೊಸ ಮುದ್ರಣದ ಕೆಲಸ ನಡೆದಿತ್ತು. ಮೇಲಿನ ಕಣಿವೆಯಲ್ಲಿ ನಮಗಿಂತ ಎಷ್ಟೋ ಮೊದಲಿನಿಂದ ಇರುವ ಮೂಲನಿವಾಸಿಗಳ ಬಳಿ ಒಂದು ಪವಿತ್ರ ವಸ್ತುವಿದೆ. ಅದನ್ನು ಅವರು ವಸ್ತು ಎನ್ನುವುದಿಲ್ಲ, 'ಹಿರಿಯಾಕೆ' ಎನ್ನುತ್ತಾರೆ. ಹಳೆಯ ಮುದ್ರಣದಲ್ಲಿ ಅದರ ಬಗ್ಗೆ ಯಾರೋ ಪ್ರವಾಸಿ ಕಲ್ಪಿಸಿ ಬರೆದ ಅರ್ಧ ಅಂಕಣವಿತ್ತು, ಹಲ್ಲು ಕಿರಿದ ಗೊಂಬೆಯ ಚಿತ್ರವೊಂದಿತ್ತು. ಎರಡೂ ಸುಳ್ಳು. ಈ ಸಲ ಸರಿಯಾಗಿ ಬರೆಯಬೇಕು, ಬರೆದದ್ದನ್ನು ಆ ಜನರಿಗೆ ತೋರಿಸಬೇಕು, ಅವರು ಒಪ್ಪಿದ್ದನ್ನಷ್ಟೇ ಅಚ್ಚು ಮಾಡಬೇಕು ಎಂದು ನಮ್ಮ ಸಂಪಾದಕರು ನಿಯಮ ಮಾಡಿದರು. ಕಣಿವೆಗೆ ಹೋದವಳು ಚಿಕ್ಕವಳು.

ತಿರುಗಿ ಬಂದ ಸಂಜೆ ನಾನು ಅವರ ಅಡುಗೆಮನೆಯಲ್ಲೇ ಇದ್ದೆ. ಚೀಲ ಇಳಿಸುವ ಮೊದಲೇ ಚುಕ್ಕಿಯಮ್ಮ ಕೇಳಿದರು.

"ನೋಡಿದ್ಯಾ?"

"ಅಲ್ಲಿವರೆಗೂ ಕರಕೊಂಡು ಹೋದ್ರು ಅಕ್ಕ."

"ಹೇಗಿದೆ?"

"ಹೇಳೋ ಹಾಗಿಲ್ಲ. ಮಾತು ಕೊಟ್ಟು ಬಂದಿದೀನಿ. ಕಾಪಿನಾಕೆ ನನ್ನನ್ನ ನಂಬಿ ಒಳಗೆ ಬಿಟ್ಟಿದಾಳೆ."

ಕಾಪಿನಾಕೆ ಎಂದರೆ ಹಿರಿಯಾಕೆಯನ್ನು ಕಾಯುವ ಹೆಂಗಸು. ತಾಯಿಯಿಂದ ಮಗಳಿಗೆ ಬರುವ ಹೊಣೆ ಅದು.

"ನನಗೂ ಹೇಳೋ ಹಾಗಿಲ್ವಾ? ಚಿತ್ರ ಬರೀಬೇಕಾದವಳು ನಾನು!"

"ಚಿತ್ರ ಬೇಡ ಅಂದಿದಾರೆ ಅಕ್ಕ."

ಅತ್ತೆ ಮೂಲೆಯಿಂದ, "ದೊಡ್ಡದೋ ಚಿಕ್ಕದೋ, ಅಷ್ಟಾದ್ರೂ ಹೇಳೇ" ಎಂದರು. ಚಿಕ್ಕವಳು ನಕ್ಕು ತಲೆಯಾಡಿಸಿದಳು. ಆದರೆ ಅವಳ ಎರಡು ಕೈಗಳು ಮಡಿಲ ಮೇಲೆ ತುಸು ಅಗಲವಾಗಿ, ಏನನ್ನೋ ನೆನೆದಂತೆ ನಿಂತು, ಮತ್ತೆ ಮುಚ್ಚಿಕೊಂಡವು. ನಾನು ಅದನ್ನು ಗಮನಿಸಿರಲಿಲ್ಲ. ಚುಕ್ಕಿಯಮ್ಮ ಗಮನಿಸಿದ್ದರು, ಆಮೇಲೆ ಹೇಳಿದರು.

ಅಂದಿನಿಂದ ಅವರು ಓರಗಿತ್ತಿಯ ಕೈಗಳನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡತೊಡಗಿದರು. ಬಾಯಿಗೆ ಬೀಗ ಹಾಕಿಕೊಂಡವಳ ಕೈಗೆ ಬೀಗವಿರಲಿಲ್ಲ. ಹೂಜಿ ತೊಳೆಯುವಾಗ ಅವಳ ಹೆಬ್ಬೆರಳು ಒಂದು ಜಾಗದಲ್ಲಿ ಹೋಗಿ ತಂಗುತ್ತಿತ್ತು. ನನ್ನ ಮೇಜಿನ ಮೇಲಿದ್ದ ಒಣಕಾಯಿಯನ್ನು ಎತ್ತಿಕೊಂಡು, ತೂಕ ನೋಡಿ, ತಿರುವಿ ಇಟ್ಟಳು. ಅಳುವ ತನ್ನ ಕೂಸನ್ನು ಎತ್ತಿಕೊಳ್ಳುವಾಗ ಎಡಗೈ ಮೊದಲು ಕೆಳಗೆ ಹೋಗುತ್ತಿತ್ತು, ಹಿಂದೆ ಹಾಗಿರಲಿಲ್ಲವಂತೆ. ಇಂಥವು ಇನ್ನೂ ಎಷ್ಟೋ. ಓದುಗರು ಕ್ಷಮಿಸಬೇಕು: ಈ ಗುರುತುಗಳಲ್ಲಿ ಕೆಲವನ್ನು ಬದಲಿಸಿದ್ದೇನೆ, ಕೆಲವನ್ನು ಬಿಟ್ಟಿದ್ದೇನೆ. ಇದ್ದದ್ದನ್ನು ಇದ್ದಂತೆ ಬರೆದರೆ ನಾನೂ ಚುಕ್ಕಿಯಮ್ಮ ಮಾಡಿದ ಕೆಲಸವನ್ನೇ ಮಾಡಿದಂತಾಗುತ್ತದೆ.

"ಏನಕ್ಕ, ನನ್ನ ಕೈ ತಿಂದುಬಿಡೋ ಹಾಗೆ ನೋಡ್ತೀಯ?" ಎಂದು ಚಿಕ್ಕವಳು ಒಮ್ಮೆ ಕೇಳಿದಳು.

"ಬಳೆ ನೋಡ್ತಿದ್ದೆ."

"ಬಳೆ ಹಾಕೇ ಇಲ್ವಲ್ಲ!"

"ಅದಕ್ಕೇ ನೋಡ್ತಿದ್ದೆ."

ಅತ್ತೆ ಕಿಸಕ್ಕೆಂದರು. "ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡನಂತೆ. ಇಲ್ಲಿ ಕಳ್ಳಿ ಯಾರು, ಹೆಗಲು ಯಾರದು ಅಂತಾನೇ ಗೊತ್ತಾಗ್ತಿಲ್ಲ."

ಚುಕ್ಕಿಯಮ್ಮ ಕಚೇರಿಯಲ್ಲಿ ಊಟದ ಹೊತ್ತಿನಲ್ಲಿ ಡಬ್ಬಿ ತೆರೆಯದೆ ಬರೆಯುತ್ತಿದ್ದರು. ಹಾಳೆಯ ಮೇಲೆ ಒಂದು ತೋಳನ್ನು ಅಡ್ಡ ಇಟ್ಟುಕೊಂಡಿರುತ್ತಿದ್ದರು, ಪರೀಕ್ಷೆಯಲ್ಲಿ ಮಕ್ಕಳು ಪಕ್ಕದವನಿಗೆ ಕಾಣದಂತೆ ಬರೆಯುವ ಹಾಗೆ. ಏನೆಂದು ಕೇಳಿದೆ. "ಅವಳು ಕಂಡದ್ದು ನನಗೂ ಕಾಣುತ್ತೆ ಅಂತ ತೋರಿಸ್ತೀನಿ" ಎಂದರು. ನನಗೆ ಅರ್ಥವಾಗಲಿಲ್ಲ. ಯಾವುದೋ ಕೀಟವಿರಬೇಕು ಎಂದುಕೊಂಡೆ.

ಲೇಖನ ತಯಾರಾಯಿತು. ಓದಿಸಿ ಕೇಳಲು ಕಾಪಿನಾಕೆ ಕಣಿವೆಯಿಂದ ನಮ್ಮ ಕಚೇರಿಗೇ ಬಂದರು. ಐವತ್ತರ ಆಸುಪಾಸಿನ ಹೆಂಗಸು, ಬಸ್ಸಿನ ಧೂಳು ಕೊಡವುತ್ತ ಬಂದವರು ಮೊದಲು ಕೇಳಿದ್ದು ನೀರು. ಉದ್ದ ಮೇಜಿನ ಒಂದು ಬದಿಗೆ ಅವರು ಮತ್ತು ಚಿಕ್ಕವಳು, ಎದುರಿಗೆ ಸಂಪಾದಕರು. ಹಿರಿಯಾಕೆಗೆ ಹೊದಿಸುವ ಬಟ್ಟೆಯ ಬಣ್ಣ ಯಾವ ಬೇರಿನದೆಂದು ಕೇಳಿಕೊಳ್ಳಲು ನಾನು ಮೂಲೆಯಲ್ಲಿ ಕೂತಿದ್ದೆ. ಚುಕ್ಕಿಯಮ್ಮ ಕರಡು ಪುಟಗಳ ಕಟ್ಟು ತಂದು ಇಟ್ಟು, ಹೋಗದೆ, ಬಾಗಿಲ ಬಳಿ ನಿಂತರು.

ನಮ್ಮಲ್ಲಿ ಒಂದು ಪದ್ಧತಿಯಿತ್ತು. ಚಿತ್ರದ ಮಸಿ ಹರಡಬಾರದೆಂದು ಅದರ ಮೇಲೆ ತೆಳು ಹಾಳೆಯೊಂದನ್ನು ಅಂಟಿಸಿ ಕರಡಿನ ನಡುವೆ ಸೇರಿಸುತ್ತಿದ್ದೆವು. ಲೇಖಕರು ಆ ತೆಳು ಹಾಳೆ ಎತ್ತಿ ನೋಡಿ ಸಹಿ ಹಾಕಬೇಕು. ಚುಕ್ಕಿಯಮ್ಮ ಹಾಗೆ ಒಂದು ಚಿತ್ರ ಸೇರಿಸಿದ್ದರು. ಓರಗಿತ್ತಿ ಅದನ್ನು ಎತ್ತಬೇಕು, ಎಲ್ಲರೆದುರು ಅವಳ ಮುಖ ಬಿಳಿಚಬೇಕು, ಅದನ್ನು ತಾವು ಬಾಗಿಲಲ್ಲಿ ನಿಂತು ನೋಡಬೇಕು. ಅವರ ಲೆಕ್ಕ ಇಷ್ಟೇ. ಆದರೆ ನಮ್ಮ ಪದ್ಧತಿ ಕಾಪಿನಾಕೆಗೆ ಹೇಗೆ ಗೊತ್ತಿರಬೇಕು? ಮಂಜಿನಂಥ ಹಾಳೆ ಕಂಡು, ಕುತೂಹಲಕ್ಕೆ, ಆಕೆಯೇ ಎತ್ತಿಬಿಟ್ಟರು.

ಆಕೆ ಬಹಳ ಹೊತ್ತು ನೋಡಿದರು. ಆಮೇಲೆ ಕಣ್ಣು ಮುಚ್ಚಿದರು. ಎರಡು ಕೈ ಮೇಜಿನಿಂದ ಮೇಲೆದ್ದು ಗಾಳಿಯಲ್ಲಿ ಏನನ್ನೋ ಹಿಡಿದವು, ಹಿಡಿದದ್ದನ್ನು ಮೆಲ್ಲನೆ ಸವರಿದವು. ಕಣ್ಣು ತೆರೆದು ಚಿತ್ರವನ್ನು ಬೋರಲು ಹಾಕಿ ಅದರ ಮೇಲೆ ಅಂಗೈ ಊರಿದರು. ಚಿಕ್ಕವಳು ಅಷ್ಟರಲ್ಲಿ ಬಗ್ಗಿದ್ದಳು. ಅವಳಿಗೆ ಕಂಡದ್ದು ಹಾಳೆಯ ಬೆನ್ನು.

"ಮಾತು ಕೊಟ್ಟಿದ್ದೆಯಲ್ಲ ಮಗಳೇ" ಎಂದರು ಕಾಪಿನಾಕೆ.

"ಅಮ್ಮ, ನಾನು ಏನೂ..."

"ಮುಟ್ಟಿದವರು ನಾನು, ನೀನು. ನಾನಂತೂ ಹೇಳಲಿಲ್ಲ."

ಆಕೆ ಚೀಲ ಎತ್ತಿಕೊಂಡು ಎದ್ದರು. ಸಂಪಾದಕರು ಏನೋ ಹೇಳಹೋದರು, ಆಕೆ ಕೈ ಅಡ್ಡ ಹಿಡಿದರು. ಚಿಕ್ಕವಳ ಮುಖ ನಿಜವಾಗಿಯೂ ಬಿಳಿಚಿತ್ತು. ಚುಕ್ಕಿಯಮ್ಮ ಬಯಸಿದ್ದು ಕಣ್ಣೆದುರಿಗೇ ಇತ್ತು. ಅವರು ಅದನ್ನು ನೋಡಲಾರದೆ ನನ್ನ ಕಡೆ ನೋಡಿದರು.

"ಅವಳು ಒಂದಕ್ಷರ ಹೇಳಿಲ್ಲ" ಎಂದರು ಚುಕ್ಕಿಯಮ್ಮ ಬಾಗಿಲಿನಿಂದಲೇ. "ಬರೆದವಳು ನಾನು. ಇವಳ ಓರಗಿತ್ತಿ. ಕೇಳಿದೆ, ಹೇಳಲಿಲ್ಲ. ಇವಳಿಗೆ ಸಿಕ್ಕಿದ್ದು ನನಗೆ ಸಿಗಲಿಲ್ಲವಲ್ಲ ಅಂತ ಹೊಟ್ಟೆಕಿಚ್ಚು. ಪಾತ್ರೆ ತೊಳೆಯೋವಾಗ, ಮಗೂನ ಎತ್ತೋವಾಗ, ಇವಳ ಕೈ ನೋಡಿ ನೋಡಿ ಬರೆದೆ."

"ಕೈ ನೋಡಿ?"

"ಕೈ ನೋಡಿ."

ಕಾಪಿನಾಕೆ ಬಾಗಿಲವರೆಗೆ ಬಂದು, ಅವರ ಮುಖವನ್ನು ಹತ್ತಿರದಿಂದ ದಿಟ್ಟಿಸಿದರು. "ನಿನಗೆ ಗೊತ್ತಾ ತಾಯಿ, ಹಿರಿಯಾಕೆಯನ್ನ ಯಾರೂ ನೋಡಲ್ಲ. ಬಟ್ಟೆ ಬದಲಿಸೋದು ಕಿಟಕಿ ಇಲ್ಲದ ಕೋಣೇಲಿ, ದೀಪ ಇಲ್ಲದೆ. ನನ್ನಮ್ಮ ನೋಡಿಲ್ಲ, ಅವಳಮ್ಮ ನೋಡಿಲ್ಲ. ಈ ಸಲ ನನ್ನ ತೋಳು ನೋವಿತ್ತು, ಅದಕ್ಕೆ ಇವಳ ಕೈ ಸಾಲ ತಗೊಂಡೆ. ನನ್ನ ಕೈಗೆ ಮಾತ್ರ ಗೊತ್ತಿದ್ದದ್ದನ್ನ ಈವತ್ತು ನೀನು ನನ್ನ ಕಣ್ಣಿಗೆ ತೋರಿಸಿಬಿಟ್ಟೆ. ಇನ್ನು ಕಾಣಲಿಲ್ಲ ಅನ್ನೋಕೆ ನನ್ನಿಂದಾಗಲ್ಲ."

ಓರಗಿತ್ತಿ ಕಂಡಿದ್ದಾಳೆಂದು ಚುಕ್ಕಿಯಮ್ಮ ಅಷ್ಟು ದಿನ ಉರಿದದ್ದು, ಅವಳೂ ಕಾಣದ ಒಂದಕ್ಕಾಗಿ.

"ಹರಿದು ಹಾಕ್ಲಾ?" ಎಂದು ಮೆಲ್ಲನೆ ಕೇಳಿದರು.

"ಹಿರಿಯಾಕೆಯ ಮುಖ ಹರಿಯೋದುಂಟಾ!" ಎಂದು ಕಾಪಿನಾಕೆ ಗದರಿದರು. ತಮ್ಮ ಚೀಲದಿಂದ ಬಟ್ಟೆಯೊಂದನ್ನು ತೆಗೆದು, ಬೋರಲಾಗಿದ್ದ ಹಾಳೆಯನ್ನು ಹಾಗೆಯೇ ಅದರಲ್ಲಿ ಸುತ್ತಿ ಗಂಟು ಹಾಕಿದರು. "ಇದು ಅವಳ ಪಕ್ಕದಲ್ಲೇ ಇರಲಿ, ಕತ್ತಲಲ್ಲಿ." ಮತ್ತೆ ಕೂತು ಚಿಕ್ಕವಳ ಕೈಯನ್ನು ತಮ್ಮ ಕೈಯಲ್ಲಿ ತೆಗೆದುಕೊಂಡರು. "ಬಾಯಿ ಕಾದೆ ಮಗಳೇ, ತಪ್ಪಿಲ್ಲ. ಕೈಯೂ ಮಾತಾಡುತ್ತೆ ಅಂತ ಗೊತ್ತಿದ್ರೆ ಅದಕ್ಕೂ ಒಂದು ಬಟ್ಟೆ ಸುತ್ತಿ ಕಳಿಸ್ತಿದ್ದೆ. ಓದು, ಏನು ಬರೆದಿದೀಯ?"

ಲೇಖನವನ್ನು ಪೂರ್ತಿ ಓದಿಸಿಕೊಂಡು ಒಪ್ಪಿದರು. ಹೊದಿಸುವ ಬಟ್ಟೆಯ ಉದ್ದಗಲ ಇದ್ದ ವಾಕ್ಯವನ್ನು ಮಾತ್ರ ತೆಗೆಯಿರಿ ಎಂದರು. ಸಂಪಾದಕರು ಯಾಕೆಂದು ಕೇಳಿದರೆ, ಬಾಗಿಲ ಕಡೆ ಗಲ್ಲ ತೋರಿಸಿ, "ಅಳತೆ ಕೊಟ್ರೆ ಸಾಕು, ಇವಳಂಥವಳು ಇನ್ನೊಬ್ಬಳು ಎಲ್ಲೋ ಕೂತು ಬರೆದುಬಿಡ್ತಾಳೆ" ಎಂದರು. ಆ ಪುಟ ಚಿತ್ರವಿಲ್ಲದೆ ಅಚ್ಚಾಯಿತು. ಕಾಪಿನವರು ಕೈಯಿಂದ ಮಾತ್ರ ಬಲ್ಲರು, ಆಕಾರವನ್ನು ಬರೆಯಲು ಅವರ ಒಪ್ಪಿಗೆಯಿಲ್ಲ ಎಂದು ಅದರಲ್ಲಿದೆ.

ಅಂದು ಸಂಜೆ ನಾವು ಮೂವರೂ ಮೆಟ್ಟಿಲು ಹತ್ತಿ ಮನೆಗೆ ಹೋದೆವು. ಅತ್ತೆ ಮುಖಗಳನ್ನು ನೋಡಿ ಚಹಾ ಬಸಿದರು. ಚುಕ್ಕಿಯಮ್ಮ ಹಿಟ್ಟು ಕಲಸಲು ಕೂತರು. ಚಿಕ್ಕವಳು ಲೋಟ ಹಿಡಿದು ಎದುರಿಗೆ ಕೂತಳು.

"ನನ್ನನ್ನ ಅಷ್ಟು ಜನರೆದುರು ಕಳ್ಳಿ ಮಾಡಿದೆಯಲ್ಲ ಅಕ್ಕ."

"ಮಾಡಿದೆ. ಬೈಯಿ."

ಅವಳು ಬೈಯಲಿಲ್ಲ. ಲೋಟವನ್ನು ತಿರುಗಿಸುತ್ತ ತಗ್ಗಿದ ದನಿಯಲ್ಲಿ ಕೇಳಿದಳು. "ನಾನು ಕತ್ತಲಲ್ಲಿ ಹಿಡಿದದ್ದಷ್ಟೇ. ಈ ಊರಲ್ಲಿ ಕಣ್ಣಾರೆ ಕಂಡವಳು ನೀನೊಬ್ಬಳೇ. ಹೇಗಿದಾಳೆ?"

"ಹೇಳೋ ಹಾಗಿಲ್ಲ."

"ನನಗೂ?"

"ನಿನಗೂ."

ಚಿಕ್ಕವಳ ಮೂಗಿನ ಹೊಳ್ಳೆಗಳು ಅರಳಿದವು. ಅಂಥ ಉರಿಯನ್ನು ನಾನು ಅವಳ ಮುಖದಲ್ಲಿ ಎಂದೂ ಕಂಡಿರಲಿಲ್ಲ. ಅವಳು ಲೋಟ ಕೆಳಗಿಟ್ಟು, ಚುಕ್ಕಿಯಮ್ಮನ ಕೈಗಳನ್ನೇ, ಹಿಟ್ಟನ್ನು ಉಂಡೆ ಮಾಡುತ್ತಿದ್ದ ಆ ಎರಡು ಕೈಗಳನ್ನೇ, ಎವೆಯಿಕ್ಕದೆ ನೋಡತೊಡಗಿದಳು.

ಚುಕ್ಕಿಯಮ್ಮನಿಗೆ ಅದು ಗೊತ್ತಾಯಿತು. ಕೈಗಳನ್ನು ಮೊಣಕೈವರೆಗೂ ಹಿಟ್ಟಿನ ಡಬ್ಬಿಯೊಳಗೆ ಇಳಿಸಿ, "ಅತ್ತೆ, ಈವತ್ತು ರೊಟ್ಟಿ ನೀವೇ ತಟ್ಟಿ" ಎಂದರು.