ಇಲ್ಲದ ತಂಗಿಯರ ಮದುವೆ

ನನಗೆ ಅಕ್ಕತಂಗಿಯರಿಲ್ಲ. ಆದರೂ ಕಳೆದ ಭಾನುವಾರ ತಾಳ್ಯ ಅನ್ನುವ ಹಳ್ಳಿಯಲ್ಲಿ ಕೂತು ಅವರೆಲ್ಲರ ಮದುವೆ ಮುಗಿಸಿಬಿಟ್ಟೆ!

ಹೆಣ್ಣು ನೋಡಲು ಹೋಗಿದ್ದೆ. ಅವ್ವ ಜೊತೆಗಿದ್ದಳು. ಹುಡುಗಿ ಗಿರಿಜಾ, ದುರ್ಗದಲ್ಲಿ ಬಿ.ಎಸ್ಸಿ. ಓದುತ್ತಾಳೆ. ಕಾಫಿ ಕೊಟ್ಟು ಒಮ್ಮೆ ನೋಡಿದಳು, ಅಷ್ಟೇ. ಮದುವೆಯಾದರೆ ಇವಳನ್ನೇ ಅಂತ ಅನ್ನಿಸಿಬಿಟ್ಟಿತು.

"ಅಕ್ಕ ತಂಗೇರಿಗೆಲ್ಲ ಮದ್ವೆ ಆಗೈತೇನಪ್ಪ?" ಅಂತ ಕೇಳಿದರು ಅವಳ ಅಪ್ಪ. ನಮ್ಮ ಕಡೆ ಇದೇ ಮೊದಲ ಪ್ರಶ್ನೆ. ಮನೆಯಲ್ಲಿ ಮದುವೆಯಾಗದ ಹೆಣ್ಣುಮಕ್ಕಳಿದ್ದರೆ ಗಂಡು ಕಾಯಬೇಕು.

ಯಾರೂ ಇಲ್ಲ ಅಂದಿದ್ದರೆ ಮುಗಿದುಹೋಗುತ್ತಿತ್ತು. ಆದರೆ ನಾನು ಗಣಿತದ ಮೇಷ್ಟ್ರಲ್ಲವೇ? ಈ ವರ್ಷ ಪಿಯುಸಿ ಸಿಲಬಸ್ಸಿಗೆ ಲಾಜಿಕ್ ಬಂದಿದೆ. (ನನಗೂ ಹೊಸದು. ಇವತ್ತು ಓದಿ ನಾಳೆ ಪಾಠ ಮಾಡುತ್ತೇನೆ. ಹುಡುಗರಿಗೆ ಹೇಳಬೇಡಿ.) ತಲೆತುಂಬ ಅದೇ. ಎಲ್ಲರಿಗೂ ಆಗಿದೆ ಅಂದೆ. ಅವ್ವನಿಗೆ ಉಪ್ಪಿಟ್ಟು ನೆತ್ತಿಗೇರಿತು.

ಹಾಗಾದರೆ ನಿಶ್ಚಿತಾರ್ಥಕ್ಕೆ ಅವರೇ ಬಂದು ಹುಡುಗಿಗೆ ಸೀರೆ ಕೊಟ್ಟು ಕುಂಕುಮ ಇಡಲಿ, ಎಷ್ಟು ಜನ ಬರುತ್ತಾರೆ ಅಂದರು. ಒಬ್ಬರೂ ಇಲ್ಲ ಅಂದೆ. ಯಜಮಾನರು ಲೋಟ ಕೆಳಗಿಟ್ಟರು.

ನೀವೇ ಹೇಳಿ, ನಾನು ಹೇಳಿದ್ದು ಸುಳ್ಳೇ? 'ಎಲ್ಲರಿಗೂ' ಅಂದಮಾತ್ರಕ್ಕೆ ಒಬ್ಬಳಾದರೂ ಇದ್ದಾಳೆ ಅಂತ ಅರ್ಥವಲ್ಲ. ಅದು ಸುಳ್ಳಾಗಬೇಕಾದರೆ ಮದುವೆಯಾಗದ ತಂಗಿ ಒಬ್ಬಳನ್ನು ತಂದು ನಿಲ್ಲಿಸಬೇಕು. ಎಲ್ಲಿಂದ ತರುತ್ತೀರಿ? ಇದನ್ನೆಲ್ಲ ಬಿಡಿಸಿ ಹೇಳಿದೆ. ಹೇಳಿದಷ್ಟೂ ಅವರ ಮುಖ ಬಿಗಿಯಿತು. ಸುಳ್ಳು ಹೇಳುವವರ ಮನೆಗೆ ಹೆಣ್ಣು ಕೊಡುವುದಿಲ್ಲ ಅಂತ ಎದ್ದೇಬಿಟ್ಟರು. ಲಾಜಿಕ್ ಕಟ್ಟಿಕೊಂಡು ಏನು ಮಾಡಲಿ, ಹುಡುಗಿಯೇ ಕೈತಪ್ಪುತ್ತಿದ್ದಳು.

ಅಷ್ಟರಲ್ಲಿ ಬಾಗಿಲ ಹಿಂದಿನಿಂದ ಗಿರಿಜಾಳ ದನಿ ಕೇಳಿಸಿತು. "ಅಪ್ಪ, ನಮ್ಮನೆ ಆನೆಗೆಲ್ಲ ಮೇವು ಹಾಕಿದೀನಿ. ಸುಳ್ಳು ಅನ್ನಂಗಿದ್ರೆ ಉಪವಾಸ ಇರೋ ಆನೆ ಒಂದು ತೋರ್ಸು."

ಯಜಮಾನರು ನಿಜಕ್ಕೂ ಕೊಟ್ಟಿಗೆಯ ಕಡೆ ತಿರುಗಿ ನೋಡಿದರು! ಆಮೇಲೆ ನಕ್ಕರು ನೋಡಿ, ಹೊಟ್ಟೆ ಹಿಡಿದುಕೊಂಡು ನಕ್ಕರು. ಕುಂಕುಮ ಇಡಲು ನನ್ನ ಸೋದರತ್ತೆ ಬಂದರೂ ನಡೆಯುತ್ತದೆ ಅಂತ ತೀರ್ಮಾನವಾಯಿತು. ಅವ್ವ ಇನ್ನೊಂದು ತಟ್ಟೆ ಉಪ್ಪಿಟ್ಟು ಹಾಕಿಸಿಕೊಂಡಳು.

ಹೊರಡುವಾಗ ಗಿರಿಜಾ ಮೆಲ್ಲಗೆ ಅಂದಳು: "ಮದ್ವೆ ಆದ್ಮೇಲೆ ನೀವು ಆಡೋ ಬುದ್ಧಿವಂತಿಕೆ ಮಾತೆಲ್ಲ ತಪ್ಪದೆ ಕೇಳ್ತೀನ್ರಿ."

ಬಸ್ಸು ಹತ್ತುವಾಗ ನನ್ನ ಕಾಲು ನೆಲದ ಮೇಲಿರಲಿಲ್ಲ. ಎಂಥ ಹುಡುಗಿ ಸಿಕ್ಕಳಪ್ಪ! ದುರ್ಗ ಹತ್ತಿರವಾದಾಗ ಹೊಳೆಯಿತು: ನಾನು ಅಂಥ ಮಾತು ಒಂದಾದರೂ ಆಡುತ್ತೇನೆ ಅಂತ ಅವಳೆಲ್ಲಿ ಹೇಳಿದಳು?